ಮೂರನೆಯ ಕೂಗು

ಆಗೆಲ್ಲ ಜನವರಿ ಬಂತೆಂದರೆ ಪಾಂಡವಪುರದ ಕಡೆ ಗಾಳಿಗೂ ಬೆಲ್ಲದ ಪಾಕದ ವಾಸನೆ. ಆ ವರ್ಷ ಜನವರಿ ಇಪ್ಪತ್ತೊಂಬತ್ತರ ಸಂಜೆ ನಾನೂ ಜಯಕ್ಕನೂ ಜಗಲಿಯಲ್ಲಿ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದೆವು. ನನಗೆ ಒಂಬತ್ತು, ಅವಳಿಗೆ ಹದಿನೇಳು. ಬೇಕೆಂದೇ ಕಾಳನ್ನು ನನ್ನ ಮುಖಕ್ಕೆ ಚಿಮ್ಮಿಸಿ, "ಬಾಯಿ ತಗಿಯೇ, ಒಳಿಕ್ಕೇ ಬುಡ್ತೀನಿ" ಎಂದು ನಗುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅಕ್ಕನೂ ಸೇರಿ ಕಬ್ಬು ಕಡಿಯಲು ಹೊರಟವರ ಟ್ರಾಕ್ಟರು ನಾಲೆಗೆ ಮಗುಚಿತು. ನೀರು ನಿಲ್ಲಿಸಿ ಹುಡುಕಿದರು. ಆರು ಹೆಣ ಸಿಕ್ಕವು. ಅಕ್ಕ ಸಿಗಲಿಲ್ಲ. ತಿಥಿ ಮಾಡಿಬಿಡು ಎಂದು ಸೋದರಮಾವ ಎಷ್ಟು ಹೇಳಿದರೂ ಅವ್ವ ಒಪ್ಪಲಿಲ್ಲ. ಎಲ್ಲೋ ದಡ ಹತ್ತಿದ್ದಾಳೆ, ದಾರಿ ತಪ್ಪಿದ್ದಾಳೆ ಎನ್ನುತ್ತಿದ್ದಳು.

ಜನವರಿ ಮೂವತ್ತು ಹುತಾತ್ಮರ ದಿನ. ಹನ್ನೊಂದಕ್ಕೆ ಸಕ್ಕರೆ ಕಾರ್ಖಾನೆಯ ಸೈರನ್ನು ಕೂಗಿದರೆ ಗದ್ದೆಯಲ್ಲಿದ್ದವರೂ ಕುಡುಗೋಲು ಕೆಳಗಿಟ್ಟು ನಿಲ್ಲುತ್ತಿದ್ದರು. ಕಬ್ಬಿನ ಟ್ರಾಕ್ಟರುಗಳು ದಾರಿಯಲ್ಲೇ ಎಂಜಿನ್ನು ಆರಿಸುತ್ತಿದ್ದವು. ಎರಡು ನಿಮಿಷ ದೇಶವೇ ಮಾತಾಡುವುದಿಲ್ಲ ಎಂದು ಸ್ಕೂಲಿನಿಂದ ಬಂದು ಅವ್ವನಿಗೆ ಹೇಳಿದವಳು ನಾನೇ. ಮರುವರ್ಷ ಆ ದಿನ ಅವ್ವ ನನ್ನನ್ನು ಸ್ಕೂಲು ಬಿಡಿಸಿ ನಾಲೆಯ ಏರಿಗೆ ಕರೆದುಕೊಂಡು ಹೋದಳು.

"ಎಲ್ರೂ ಸುಮ್ಕಿರ್ತಾರಲ್ಲ, ಆಗ ಕೂಗುದ್ರೆ ಅವ್ಳಿಗೆ ಕೇಳುಸ್ತದೆ ಕಣೇ."

ಕರೆದರೆ ಮೂರು ಸಲವೂ ಓಗೊಡುವವರು ಬದುಕಿರುವವರು, ಸತ್ತವರು ಎರಡರ ಮೇಲೆ ಓಗೊಡಲಾರರು ಎಂದು ನಮ್ಮ ಮನೆಯಲ್ಲಿ ನಂಬುತ್ತಿದ್ದರು.

ಸೈರನ್ನು ಕೂಗಿ ನಿಂತಿತು. ನಾಲೆಯ ನೀರಿನದೂ ಸದ್ದಿಲ್ಲ ಅನ್ನಿಸಿತು. ಅವ್ವ ಕೂಗಿದಳು. "ಜಯೀ..."

ಆಚೆ ದಡದ ಕಬ್ಬಿನೊಳಗಿಂದ "ಓ" ಎಂದಿತು.

ಅವ್ವನ ಉಗುರು ನನ್ನ ಅಂಗೈಗೆ ಇಳಿಯಿತು. ಎರಡನೆಯ ಸಲ ಕೂಗಿದಳು. ಮತ್ತೆ "ಓ". ಅದೇ ದನಿ, ಕೊಂಚ ಹತ್ತಿರ.

ಮೂರನೆಯದಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಮೌನ ಮುಗಿಸುವ ಸೈರನ್ನು ಎದ್ದಿತು, ಟ್ರಾಕ್ಟರುಗಳು ಗುಡುಗಿದವು. ಅವ್ವನ ತುಟಿ ಆಡಿದ್ದು ಕಂಡೆ, ಪಕ್ಕದಲ್ಲಿದ್ದ ನನಗೇ ಕೂಗು ಕೇಳಲಿಲ್ಲ.

ಸೇತುವೆ ದಾಟಿ ಸಂಜೆಯವರೆಗೂ ಆ ಕಬ್ಬಿನೊಳಗೆ ಅಲೆದೆವು. ಗರಿ ಕೊಯ್ದು ಕೈಯೆಲ್ಲ ರಕ್ತ. ಯಾರೂ ಇರಲಿಲ್ಲ. ಬರುವಾಗ ಅವ್ವ ಮೆಲ್ಲಗೆ ಕೇಳಿದಳು. "ಮೂರ್ನೇ ಸಲ ಓ ಅಂದದ್ದು ನಿಂಗೇನಾರ ಕೇಳುಸ್ತಾ?"

"ಊಂ ಕಣವ್ವ, ಕೇಳುಸ್ತು" ಅಂದೆ.

ಅಂದಿನಿಂದ ಸಾಯುವವರೆಗೂ ಅವ್ವ ತಿಥಿಯ ಮಾತೆತ್ತಲು ಯಾರಿಗೂ ಬಿಡಲಿಲ್ಲ. ವರ್ಷವೂ ಹೋಗಿ ಕೂಗಿದಳು. ಮತ್ತೆಂದೂ ಉತ್ತರ ಬರಲಿಲ್ಲ. ನಾನು ಸುಳ್ಳು ಹೇಳಿದ್ದೆ ಎನ್ನುವ ಧೈರ್ಯ ನನಗೂ ಬರಲಿಲ್ಲ. ಈಗ ನಮ್ಮೂರಿಗೆ ಸೈರನ್ನು ಕೇಳುವುದಿಲ್ಲ. ಹನ್ನೊಂದಕ್ಕೆ ಯಾರೂ ಕುಡುಗೋಲು ಕೆಳಗಿಡುವುದಿಲ್ಲ. ಕೂಗುವ ಅವ್ವನೂ ಇಲ್ಲ.

ಅಕ್ಕ ಇನ್ನೂ ಸಿಕ್ಕಿಲ್ಲ.