ವೈನಿಯ ಮುಖ ಮತ್ತು ಗ್ರಾಫಿಕ್ಸ್ ಕಾರ್ಡು

ವೈನಿ, ಅಂದರೆ ನನ್ನ ಅತ್ತಿಗೆ, ತೀರಿಕೊಂಡು ವರ್ಷ ತುಂಬಲು ಐದು ದಿನ ಉಳಿದಿದ್ದಾಗ ಅಣ್ಣ ಒಂದು ಬೆಳಿಗ್ಗೆ ಸೀದಾ ನಮ್ಮ ಮನೆಗೆ ಬಂದ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಅವನದು ಬೆಲ್ಲದ ಅಂಗಡಿ. ಅದನ್ನು ತೆರೆಯದೆ ಅವನು ಎಲ್ಲಿಗೂ ಹೋಗುವವನಲ್ಲ.

ಕೂತವನೇ ಮೊಬೈಲು ಮುಂದೆ ಹಿಡಿದ. ಶಿರೂರಿನ ಬೀಗರ ಮನೆಯಲ್ಲಿ ಎಷ್ಟೋ ವರ್ಷಗಳ ಹಿಂದೆ ನಾನೇ ತೆಗೆದ ವಿಡಿಯೊ. ವೈನಿ ಶೇಂಗಾ ಹೋಳಿಗೆ ಲಟ್ಟಿಸುತ್ತ ನನ್ನನ್ನು ಬೈಯುತ್ತಾರೆ. ಎರಡೇ ನಿಮಿಷ. ದನಿ ಸ್ವಚ್ಛವಾಗಿದೆ, ಮುಖ ಮಾತ್ರ ಬರೀ ಮಸುಕು. ಆಗಿನ ಮೊಬೈಲು ಅಂಥದ್ದು, ನನ್ನ ಕೈಯೂ ನಿಂತಿರಲಿಲ್ಲ.

"ವರ್ಷಾಂತಿಕಕ್ಕ ಊರಿಂದ ಮಂದಿ ಬರತಾರ. ಆಕಿದು ಮಾತಾಡೋದು ಇದೊಂದss ಅದ. ಮುಖ ಕಾಣೂಹಂಗ ಮಾಡ್ಲಿಕ್ಕೆ ಬರತದೇನು?"

"ನೋಡ್ತೀನಿ ಅಣ್ಣಾ" ಅಂದೆ.

ನಮ್ಮ ಅವ್ವ ಹೋದಾಗ ನನಗೆ ಹನ್ನೆರಡು ವರ್ಷ. ವಿಜಯಪುರದಿಂದ ನನ್ನನ್ನು ಪುಣೆಗೆ ಕರೆತಂದು ಬೆಳೆಸಿದವರು ವೈನಿ. ನನ್ನ ಮರಾಠಿ ಶಾಲೆಯ ಪ್ರಗತಿಪತ್ರಕ್ಕೆ ಕನ್ನಡದಲ್ಲೇ ಸಹಿ ಹಾಕುತ್ತಿದ್ದರು. ಮಾಸ್ತರರು ಕೇಳಿ ಕಳಿಸಿದಾಗ, "ನನಗ ಬರೋದು ಇಷ್ಟss ಅಂತ ಹೇಳು" ಅಂದಿದ್ದರು.

ನನ್ನ ಕೆಲಸ ಮದುವೆ ವಿಡಿಯೊಗಳ ಎಡಿಟಿಂಗ್. ಹಳೆಯ ಚಿತ್ರಗಳನ್ನು ಸ್ಪಷ್ಟಗೊಳಿಸುವ ಸಾಫ್ಟ್‌ವೇರ್ ನನ್ನ ಕಂಪ್ಯೂಟರಿನಲ್ಲಿತ್ತು. ವೈನಿಯ ಎರಡು ನಿಮಿಷಕ್ಕೆ ಅದು ಹದಿನಾಲ್ಕು ತಾಸು ಬೇಡಿತು. ಸರಿ ಬರದಿದ್ದರೆ ಮತ್ತೆ ಹದಿನಾಲ್ಕು ತಾಸು. ಅದಕ್ಕೆ ಕಂಪ್ಯೂಟರಿನಲ್ಲಿ ಚಿತ್ರಗಳ ಕೆಲಸ ನೋಡಿಕೊಳ್ಳುವ ಗ್ರಾಫಿಕ್ಸ್ ಕಾರ್ಡನ್ನು ಅದರ ಮಾಮೂಲು ವೇಗಕ್ಕಿಂತ ಜೋರಾಗಿ ಓಡಿಸಲು, ಅಂದರೆ ಓವರ್‌ಕ್ಲಾಕ್ ಮಾಡಲು, ಕೂತೆ.

ಅಣ್ಣ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡ. ಮೊದಲು ಕಂಪ್ಯೂಟರಿನ ಡಬ್ಬಿಯ ಮುಚ್ಚಳ ತೆಗೆದು ಫ್ಯಾನಿನ ಧೂಳು ಒರೆಸಿದೆ. ಮಾಮೂಲು ವೇಗದಲ್ಲಿ ಓಡಿಸಿ ಬಿಸಿ ಎಷ್ಟೇರುತ್ತದೆಂದು ನೋಡಿಕೊಂಡೆ. ವೋಲ್ಟೇಜನ್ನು ಮುಟ್ಟಲಿಲ್ಲ. ಫ್ಯಾನು ಬೇಗ ಜೋರಾಗುವಂತೆ ಮಾಡಿ, ವೇಗವನ್ನು ಸ್ವಲ್ಪವೇ ಏರಿಸಿ ಅರ್ಧ ತಾಸು ಕಾದೆ. ಮತ್ತೆ ಸ್ವಲ್ಪ, ಮತ್ತೆ ಅರ್ಧ ತಾಸು.

"ಸುಟ್ಟುಗಿಟ್ಟು ಹೋದೀತು, ನೋಡಿ ಮಾಡು" ಅಂದ ಅಣ್ಣ.

"ಸಾವಕಾಶ ಏರಿಸಿದ್ರ ಏನೂ ಆಗೂದಿಲ್ಲ. ತಡಕೊಳ್ಳಿಕ್ಕೆ ಆಗದಿದ್ರ ಅದss ತೋರಸತದ. ಪರದೆ ಮ್ಯಾಲೆ ಚುಕ್ಕಿ ಬೀಳತಾವ, ಇಲ್ಲಾ ನಿಂತು ಬಿಡತದ. ಆವಾಗ ಇಳಿಸಿದ್ರಾತು."

"ಆಕಿ ಏನೂ ತೋರಸಲೇ ಇಲ್ಲ ನೋಡು" ಅಂದ ಅಣ್ಣ.

ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ವೈನಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ನಾನು ಹೋದದ್ದು ಎರಡೇ ಸಲ. ಯಾರದೋ ಮದುವೆ ವಿಡಿಯೊ ಕೊಡುವುದಿತ್ತು. ಎರಡನೆಯ ಸಲ, "ಕೆಲಸ ಬಿಟ್ಟು ಯಾಕ ಬಂದಿ? ಊಟ ಆತಿಲ್ಲೋ?" ಎಂದು ಕೇಳಿದ್ದರು. ಮೂರನೆಯ ಸಲ ಹೋಗುವುದರೊಳಗೆ ಮುಗಿದಿತ್ತು.

ಐದನೆಯ ಸಲ ಏರಿಸಿದಾಗ ಪರದೆಯ ಮೇಲೆ ಹಸಿರು ಚುಕ್ಕಿಗಳು ಮಿನುಗಿದವು. ಎರಡು ಹೆಜ್ಜೆ ಇಳಿಸಿದೆ. ಚುಕ್ಕಿಗಳು ಹೋದವು, ಬಿಸಿಯೂ ಹತೋಟಿಯಲ್ಲಿ ನಿಂತಿತು. ಇಷ್ಟೆಲ್ಲ ಮಾಡಿ ಹದಿನಾಲ್ಕು ತಾಸಿನಲ್ಲಿ ಉಳಿತಾಯವಾದದ್ದು ಒಂದು ತಾಸಿಗಿಂತ ತುಸು ಹೆಚ್ಚು. ಆ ಒಂದು ತಾಸಿನಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ವೈನಿಗಾಗಿ ಒಂದು ದಿನ ಪೂರ್ತಿ ಕೂತೆ ಎಂದು ನನಗೆ ನಾನೇ ಹೇಳಿಕೊಳ್ಳಬೇಕಿತ್ತು, ಅಷ್ಟೆ.

ಮರುದಿನ ಮಧ್ಯಾಹ್ನ ಅಣ್ಣ ಮತ್ತೆ ಬಂದ. ದೊಡ್ಡ ಪರದೆಯಲ್ಲಿ ವಿಡಿಯೊ ಹಚ್ಚಿದೆ. ಮುಖ ತಿಳಿಯಾಗಿ ಬಂದಿತ್ತು. ಕಣ್ಣು, ಮೂಗು, ಹಲ್ಲು ಎಲ್ಲ ಎದ್ದು ಕಾಣುತ್ತಿದ್ದವು. ಅಣ್ಣ ಎರಡು ಸಲ ನೋಡಿದ. ಮೂರನೆಯ ಸಲ ನಡುವೆ ನಿಲ್ಲಿಸಲು ಹೇಳಿದ.

"ಗದ್ದದ ಮ್ಯಾಲಿನ ಗುರುತು ಎಲ್ಲಿ ಹೋತು?"

ವೈನಿ ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ ಎಣ್ಣೆ ಸಿಡಿದು ಆದ ಗುರುತು ಅದು. ಸಾಫ್ಟ್‌ವೇರ್ ಅದನ್ನು ಕಲೆಯೆಂದು ತಿಳಿದು ಒರೆಸಿಹಾಕಿತ್ತು. ಆಮೇಲೆ ನನಗೂ ಕಂಡಿತು: ಹುಬ್ಬು ಇನ್ನಾರದೋ, ನಗುವಾಗ ಎಡಗಡೆ ಸೊಟ್ಟಾಗುವ ತುಟಿ ಈಗ ನೆಟ್ಟಗಾಗಿತ್ತು. ತಿಳಿಯದ ಕಡೆಯಲ್ಲೆಲ್ಲ ಅದು ತನಗೆ ತೋಚಿದ ಹೆಂಗಸನ್ನು ಬರೆದಿತ್ತು. ಆ ಹೆಂಗಸು ವೈನಿಯ ದನಿಯಲ್ಲಿ ನನ್ನನ್ನು ಬೈಯುತ್ತಿದ್ದಳು.

"ಬ್ಯಾರೆ ಥರಾ ಮಾಡಿ ನೋಡ್ತೀನಿ. ಇನ್ನೂ ನಾಕು ದಿನ ಅವ."

"ಬ್ಯಾಡ ಬಿಡು. ನೀ ಭಾಳ ಕಷ್ಟಪಟ್ಟೀದಿ." ನನ್ನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟ. "ನನ್ನ ಮೊಬೈಲಿನ್ಯಾಗಿನ ಮೊದಲಿನದನ್ನ ಅಳಿಸಿಲ್ಲಲ್ಲಾ?"

"ಇಲ್ಲ."

ವರ್ಷಾಂತಿಕದ ದಿನ ಅಣ್ಣ ವಿಡಿಯೊದ ಮಾತೆತ್ತಲಿಲ್ಲ. ಊಟವಾದ ಮೇಲೆ ಊರಿನಿಂದ ಬಂದ ವೈನಿಯ ತಂಗಿ ಅಕ್ಕನ ವಿಡಿಯೊ ತೋರಿಸೆಂದಾಗ, ಮೊಬೈಲನ್ನು ಬೋರಲಾಗಿ ಚಾಪೆಯ ಮೇಲಿಟ್ಟು ಬರೀ ದನಿ ಕೇಳಿಸಿದ. ಆಕೆ ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು. ನಾನು ಎಲೆಗಳನ್ನು ಎತ್ತುವ ನೆವದಿಂದ ಒಳಗೆ ಹೋದೆ.