ಮುಟ್ಟದೆ ಬಿಟ್ಟ ಮರಗಳು

ಗೇರು ಬೆಳೆಯುವವರಿಗೆ ಹೊಸದೇನನ್ನಾದರೂ ಕಲಿಸುವುದೆಂದರೆ ಹುಡುಗಾಟದ ಮಾತಲ್ಲ. ಎದುರಿಗೆ ಕೂತು ಹೂಂಗುಟ್ಟುತ್ತಾರೆ, ಕೊಟ್ಟ ಚಹಾ ಕುಡಿಯುತ್ತಾರೆ, ಮನೆಗೆ ಹೋಗಿ ಅಪ್ಪ ಮಾಡಿದ್ದನ್ನೇ ಮಾಡುತ್ತಾರೆ. ಬೆಳೆಗಾರರಿಗೆ ತರಬೇತಿ ಕೊಡಲೆಂದು ಬಂದಿದ್ದ ಹೆಂಗಸಿಗೆ ಇದು ಮೊದಲ ವರ್ಷವೇ ಅರ್ಥವಾಗಿತ್ತು. ಎಲ್ಲರೂ ಅವಳನ್ನು ತೋಟದ ಮೇಡಂ ಎನ್ನುತ್ತಿದ್ದರು.

ಅವಳು ಹೇಳುತ್ತಿದ್ದುದು ಬಲು ಸರಳ. ಮರಗಳು ಒತ್ತೊತ್ತಾಗಿ ಬೆಳೆದು ಕೊಂಬೆಗೆ ಕೊಂಬೆ ಹೆಣೆದುಕೊಂಡಿವೆ, ಒಳಗೆ ಬಿಸಿಲೇ ಬೀಳುವುದಿಲ್ಲ, ಬಿಸಿಲಿಲ್ಲದ ಕಡೆ ಹೂವೂ ಇಲ್ಲ. ಆದ್ದರಿಂದ ಒಂದು ಬಿಟ್ಟು ಒಂದು ಮರ ತೆಗೆಯಿರಿ, ಉಳಿದ ಮರಗಳ ನಡುವನ್ನು ಸವರಿ ಬೆಳಕು ಬಿಡಿ. ಇದನ್ನು ಕೇಳಿ ಒಬ್ಬ ಅಜ್ಜಿ ಎಲ್ಲರ ಪರವಾಗಿ ಬಾಯಿ ಬಿಟ್ಟಿದ್ದಳು: "ಕಾಯಿ ಬಿಡೋ ಮರಾನೇ ಕಡಿ ಅಂತೀಯಲ್ಲಮ್ಮಾ, ತಲೆ ನೆಟ್ಟಗಿದೆ ತಾನೇ?" ಯಾರಾದರೂ ಧೈರ್ಯ ಮಾಡಿ ಕಡಿದು, ಫಸಲು ಹೆಚ್ಚಾದರೂ ಉಳಿದವರು ಜಗ್ಗುತ್ತಿರಲಿಲ್ಲ. ಅವನ ಮಣ್ಣು ಬೇರೆ, ಅವನ ಸಸಿ ಬೇರೆ, ಅವನ ಅದೃಷ್ಟವೇ ಬೇರೆ ಎಂದು ಮೂಗು ಮುರಿಯುತ್ತಿದ್ದರು.

ಹಾಗಾಗಿ ಆ ಎರಡು ತೋಟಗಳು ಕಣ್ಣಿಗೆ ಬಿದ್ದಾಗ ಅವಳಿಗೆ ಹಬ್ಬವೇ ಆಯಿತು. ಒಬ್ಬ ಅಪ್ಪ ಒಂದೇ ವರ್ಷ, ಒಂದೇ ತಳಿಯ ಬೀಜದಿಂದ ಬೆಳೆಸಿದ ತೋಟವನ್ನು ಮಗಳಿಗೂ ಮಗನಿಗೂ ಸಮನಾಗಿ ಹಂಚಿದ್ದ. ನಡುವೆ ಒಂದು ಬೇಲಿ, ಅಷ್ಟೆ. ಒಂದು ಕಡೆ ಸವರಿ, ಇನ್ನೊಂದು ಕಡೆ ಹಾಗೇ ಬಿಟ್ಟು ಅಕ್ಕಪಕ್ಕ ತೋರಿಸಿದರೆ ಯಾರ ಮಣ್ಣಿನ ನೆಪವೂ ನಡೆಯುವುದಿಲ್ಲ.

ತಮ್ಮ ತಕ್ಷಣ ಒಪ್ಪಿದ. ಅಕ್ಕನ ಪಾಲನ್ನು ನೋಡಿಕೊಳ್ಳುತ್ತಿದ್ದವನು ಅವಳ ಗಂಡ. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಕತ್ತಿಯನ್ನು ಎಣ್ಣೆಬಟ್ಟೆಯಲ್ಲಿ ಒರೆಸದೆ ಗೂಟಕ್ಕೆ ತೂಗುಹಾಕಿದವನಲ್ಲ. ಯಾವ ಮರದಲ್ಲಿ ಎಷ್ಟು ಹೊಸ ಚಿಗುರು ಬಂತೆಂದು ತನ್ನ ಮಗಳ ಹಳೆಯ ಶಾಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಮೇಡಂ ಹೇಳಿದ್ದನ್ನು ಎಲ್ಲರಿಗಿಂತ ಮೊದಲು ತಿಳಿದುಕೊಂಡವನೂ ಅವನೇ. ಅವಳು ಅವನ ಮನೆಯ ಜಗಲಿಯ ಬೆಂಚಿನ ಮೇಲೆ ಕೂತಾಗ ಅವನು ಗರಗಸ ಮಸೆಯುತ್ತಿದ್ದ.

"ನೀವು ಮೂರು ವರ್ಷ ಗರಗಸ ಮುಟ್ಟಬಾರದು" ಎಂದಳು ಮೇಡಂ.

"ನಾನಾ? ನಾಳೆನೇ ಶುರು ಮಾಡೋಣ ಅಂತಿದ್ದೆ."

"ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಸೋಮಾರಿ ಕೈಗೆ ಕೊಟ್ರೆ ಕಳೆ ಬೆಳೆದು ಹೋಲಿಕೇನೇ ಕೆಟ್ಟುಹೋಗುತ್ತೆ. ಗೊಬ್ಬರ, ಕಳೆ, ಎಲ್ಲಾ ಆ ಕಡೆ ಆದಷ್ಟೇ ಈ ಕಡೆನೂ ಆಗಬೇಕು. ಕೊಂಬೆ ಮಾತ್ರ ಮುಟ್ಟಬಾರದು. ಮತ್ತೆ ಇದನ್ನ ಯಾರಿಗೂ ಹೇಳಬೇಡಿ. ಗೊತ್ತಾದ್ರೆ ನಾಟಕ ಅಂತಾರೆ."

"ಮನೆಯವಳಿಗೂ ಬೇಡ್ವಾ?"

"ಅವರ ತಮ್ಮನೇ ಅಲ್ವಾ ಪಕ್ಕದಲ್ಲಿರೋದು? ಬೇಡ. ಮೂರನೇ ವರ್ಷ ನಾನೇ ಎಲ್ಲರ ಮುಂದೆ ಹೇಳ್ತೀನಿ."

ಅವನು ಗರಗಸವನ್ನು ಒರೆಸಿ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಊರಿಗೆಲ್ಲ ಒಳ್ಳೆಯ ಬೆಳೆಗಾರನಾಗಿದ್ದವನನ್ನು, ಒಳ್ಳೆಯವನೆಂಬ ಕಾರಣಕ್ಕೇ ಆರಿಸಿ, ಕೆಟ್ಟ ಉದಾಹರಣೆ ಮಾಡಿ ನಿಲ್ಲಿಸಿದ್ದಾಯಿತು. ಅವಳಿಗೆ ಆಗ ಅದು ಹೊಳೆಯಲೂ ಇಲ್ಲ.

ಎರಡನೇ ವರ್ಷಕ್ಕೆ ತಮ್ಮನ ತೋಟದಲ್ಲಿ ನೆಲದವರೆಗೂ ಬಿಸಿಲು ಬಿದ್ದು ಮರಗಳು ಕೆಳಗಿನ ಕೊಂಬೆಗಳಲ್ಲೂ ಹೂ ಬಿಟ್ಟವು. ಬೇಲಿಯ ಈಚೆ ಕತ್ತಲೆ, ಒಣಗಿದ ರೆಂಬೆ. ಬಂದುಹೋಗುವವರು ಅಕ್ಕನ ಗಂಡನಿಗೆ ಕಾಡುರಾಯ ಎಂದು ಹೆಸರಿಟ್ಟರು. ಹೆಂಡತಿಯ ತಮ್ಮ ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಭಾವಾ, ನಾನೇ ಬಂದು ಸವರಿಕೊಡ್ಲಾ?" ಎಂದು ಕೇಳಿದ. ಹೆಂಡತಿ ನೆಂಟರ ಎದುರು ತಲೆ ತಗ್ಗಿಸಿದಳು. ಅವನು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಕಳೆ ಕಿತ್ತ.

ಮೂರನೇ ವರ್ಷ ಮೇಡಂ ಮೂವತ್ತು ಬೆಳೆಗಾರರನ್ನು ಕರೆತಂದಳು. ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದಳು. ಅವನು ತನ್ನ ಬದಿಯ ಮೊದಲ ಮರದ ಕೆಳಗೆ ನಿಂತಿದ್ದ, ಇಸ್ತ್ರಿಯ ಗೆರೆ ಕಾಣುವ ನೀಲಿ ಅಂಗಿ ಹಾಕಿಕೊಂಡು. ಜನ ಆ ಕಡೆ ನೋಡಿದರು, ಈ ಕಡೆ ನೋಡಿದರು. ಮೂರು ವರ್ಷದಲ್ಲಿ ಮೊದಲ ಸಲ ಅವಳ ಮಾತು ಅವರ ತಲೆಗೆ ಹತ್ತುತ್ತಿತ್ತು. ಅಷ್ಟರಲ್ಲಿ ಎಲ್ಲದಕ್ಕೂ ಕೊಕ್ಕೆ ಹಾಕುವ ಒಬ್ಬ ಮುದುಕ, "ಇದನ್ನ ಬೇಕಂತಲೇ ಕೆಡಿಸಿಟ್ಟಿದ್ದಾರೆ, ನಮಗೆ ತೋರಿಸೋಕೆ" ಎಂದ.

ಮೂವತ್ತು ಮುಖಗಳೂ ಅವಳ ಕಡೆ ತಿರುಗಿದವು. ಹೌದು ಎಂದರೆ ಮೂರು ವರ್ಷದ ಕೆಲಸ ನೀರುಪಾಲು.

"ಬೇಕಂತ ಯಾರಾದ್ರೂ ತೋಟ ಕೆಡಿಸ್ಕೋತಾರಾ ಅಜ್ಜಾ?" ಎಂದು ನಕ್ಕಳು. "ಹೇಳಿದ್ದನ್ನ ಕಿವಿ ಮೇಲೆ ಹಾಕ್ಕೊಳ್ಳದಿದ್ರೆ ಹೀಗಾಗುತ್ತೆ."

ಜನರೂ ನಕ್ಕರು. ಕಾಡುರಾಯ ತನ್ನ ಅಂಗಿಯ ಗುಂಡಿಯನ್ನು ನೋಡಿಕೊಂಡ. ಆ ತಿಂಗಳು ಪೇಟೆಯ ಅಂಗಡಿಗಳಲ್ಲಿ ಒಂದು ಗರಗಸವೂ ಉಳಿಯಲಿಲ್ಲ, ಅದು ನಿಜ. ಮುಂದಿನ ಸಲ ಹೇಳಿದರಾಯಿತು ಎಂದು ಅವಳು ಸಮಾಧಾನ ಮಾಡಿಕೊಂಡಳು. ಮುಂದಿನ ಸಲ ಬರುವ ಮೊದಲೇ ಅವಳಿಗೆ ದೂರದ ಊರಿಗೆ ವರ್ಗವಾಯಿತು.

ಕೆಲವು ತಿಂಗಳ ಮೇಲೆ ತಮ್ಮನೇ ಫೋನ್ ಮಾಡಿದ. "ಅಕ್ಕ ಅವಳ ತೋಟಾನೂ ನನ್ನ ಕೈಗೆ ಕೊಟ್ಟಳು ಮೇಡಂ. ಭಾವನಿಗೆ ಆಗೋ ಕೆಲಸ ಅಲ್ಲ ಇದು. ಅವರು ಈಗ ಬೀಜ ಒಣಗಿಸೋದು ನೋಡ್ಕೋತಾರೆ." ಅವಳು ಆಗಲಾದರೂ ಬಾಯಿ ಬಿಡಬಹುದಿತ್ತಲ್ಲ? ಬಿಡಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಇದು, ಎದುರಿಗೆ ಹೋಗಿ ಹೇಳಬೇಕು ಎಂದು ಇನ್ನೂ ಎರಡು ವರ್ಷ ತಳ್ಳಿದಳು. ನಾಚಿಕೆಗೆ ನೆಪ ಹುಡುಕುವುದರಲ್ಲಿ ಓದಿದವರೇ ಮುಂದು.

ಕೊನೆಗೆ ಬೆಳೆಗಾರರ ಸಭೆಗೆ ಅವಳನ್ನು ಕರೆದರು. ತಮ್ಮ ಈಗ ಉಳಿದವರಿಗೆ ಕಲಿಸುವ ಗುರುವಾಗಿದ್ದ. ಅವಳು ಎದ್ದು ನಿಂತು, ಇವರ ಭಾವನ ಕೈಲಿ ಮರ ಮುಟ್ಟದೆ ಬಿಡಿಸಿದ್ದು ನಾನೇ, ನಿಮಗೆಲ್ಲ ನಿಜವಾಗಿ ಕಲಿಸಿದವನು ಅವನೇ ಎಂದು ಎಳ್ಳಷ್ಟೂ ಬಚ್ಚಿಡದೆ ಹೇಳಿದಳು. ಸಭೆ ಚಪ್ಪಾಳೆ ತಟ್ಟಿತು. ಅದೇ ಮುದುಕ ಹತ್ತಿರ ಬಂದು, "ದೊಡ್ಡ ಮನಸ್ಸು ನಿಮ್ಮದು. ಆ ಬಡಪಾಯಿ ಮಾನ ಉಳಿಸೋಕೆ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಿ" ಎಂದ. ಅವಳು ಎಷ್ಟು ಬಡಿದುಕೊಂಡರೂ ಯಾರೂ ನಂಬಲಿಲ್ಲ.

ಅಲ್ಲಿಂದ ಅವಳು ಒಣಗಿಸುವ ಅಂಗಳಕ್ಕೆ ಹೋದಳು. ಕಾಡುರಾಯ ಸಿಮೆಂಟಿನ ನೆಲದ ಮೇಲೆ ಹರಡಿದ ಗೇರುಬೀಜಗಳನ್ನು ಮರದ ಹಲಗೆಯಿಂದ ಮಗುಚುತ್ತಿದ್ದ. ಒಂದು ಬೀಜವೂ ಅಂಚು ದಾಟಿರಲಿಲ್ಲ.

"ಸಭೇಲಿ ಎಲ್ಲಾ ಹೇಳಿಬಿಟ್ಟೆ" ಎಂದಳು.

"ನಂಬಿದ್ರಾ?"

"ಇಲ್ಲ."

ಅವನು ತಲೆಯಾಡಿಸಿದ. "ನನಗೂ ಈಗೀಗ ಅನುಮಾನ ಮೇಡಂ. ನಿಜವಾಗ್ಲೂ ನನಗೇ ಬರದೆ ಬಿಟ್ಟಿದ್ನೇನೋ ಅನ್ಸುತ್ತೆ."

"ನಿಮ್ಮ ಹೆಂಡತಿಗೆ ನಾನೇ ಹೇಳ್ತೀನಿ."

"ಒಳಗಿದ್ದಾಳೆ" ಎಂದು ಅವನು ಹಲಗೆ ಎತ್ತಿಕೊಂಡ.

ಒಳಗಿನ ಕೋಣೆಯಲ್ಲಿ ಹೆಂಡತಿ ಕಿಟಕಿಯ ಬಳಿ ಕೂತು ಜೊಳ್ಳು ಬೀಜ ಆರಿಸುತ್ತಿದ್ದಳು. ಮೇಡಂ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹೆಂಡತಿಯ ಬೆರಳುಗಳು ನಿಂತವು.

"ಇದನ್ನ ಇವರು ಆವತ್ತೇ ಹೇಳಿದ್ರು" ಎಂದಳು. "ನೀವು ಮೂವತ್ತು ಜನರನ್ನ ಕರ್ಕೊಂಡು ಬಂದ್ರಲ್ಲ, ಆ ಬೆಳಿಗ್ಗೆ. ನೀಲಿ ಅಂಗೀನ ನನ್ನ ಕೈಲೇ ಇಸ್ತ್ರಿ ಮಾಡಿಸ್ಕೊಂಡು, ಇವತ್ತು ಮೇಡಂ ಎಲ್ಲರ ಮುಂದೆ ಹೇಳ್ತಾರೆ, ನೀನೂ ಬಂದು ಕೇಳು ಅಂದ್ರು. ನಾನೂ ಬಂದಿದ್ದೆ ಮೇಡಂ. ಬೇಲಿ ಹತ್ರ, ಎಲ್ಲರ ಹಿಂದೆ ನಿಂತಿದ್ದೆ. ನೀವು ಹೇಳಿದ್ದು ಪೂರ್ತಿ ಕೇಳಿಸ್ತು."

ಹೆಂಡತಿ ಕೈಯಲ್ಲಿದ್ದ ಬೀಜವನ್ನು ಮೊರಕ್ಕೆ ಹಾಕಿದಳು.

"ಮನೆಗೆ ಬಂದಮೇಲೆ ಇವರನ್ನ ಸುಳ್ಳುಗಾರ ಅಂದೆ. ಇವರು ಎದುರಾಡಲಿಲ್ಲ. ಅಂಗಿ ಬಿಚ್ಚಿ ಮಡಿಸಿಟ್ರು."

ಅವಳು ಮೊರವನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಗಂಡನಿದ್ದ ಅಂಗಳಕ್ಕೆ ಹೋದಳು. ಅವಳ ಹಿಂದೆ ಹೋಗುವ ಧೈರ್ಯ ಮೇಡಂಗೆ ಬರಲಿಲ್ಲ.