ಕೆಳಗಿನ ಸ್ವಿಚ್ಚಿನ ಕುಂಕುಮ

ಅವನನ್ನು ಕ್ಷಮಿಸಿಬಿಡು ಎಂದು ನನಗೆ ಹೇಳಿದವರೆಲ್ಲ ಒಳ್ಳೆಯವರೇ. ಆದರೆ ಅವರಲ್ಲಿ ಒಬ್ಬರ ತಲೆಯ ಮೇಲೂ ಮಾಡದ ತಪ್ಪು ಬಂದು ಕೂತಿರಲಿಲ್ಲ. ನಾನು ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ಪಾವಗಡದ ಆಚೆ, ಸೋಲಾರ್ ಫಲಕಗಳ ಬಯಲಿನ ನಡುವೆ ನಮ್ಮ ಕಂಟ್ರೋಲ್ ರೂಮು. ಅದರ ಹಿಂದಿನ ತಣ್ಣನೆಯ ಕೋಣೆಯಲ್ಲಿ ಸರ್ವರ್‌ಗಳು; ಹೊರಗಿನ ಪರದೆಗಳನ್ನೆಲ್ಲ ನಡೆಸುವುದು ಅವುಗಳಲ್ಲಿ ಮುಖ್ಯವಾದ ಒಂದು. ಅವುಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಐ.ಡಿ.ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನನ್ನ ಮೇಲೆ ಒಬ್ಬ ಸೀನಿಯರ್ ಇದ್ದ, ಶಿರಾದವನು. ಬಾಯಿ ತುಂಬ ‘ತಂಗಿ’ ಎನ್ನುತ್ತಿದ್ದ, ನಾನೂ ‘ಅಣ್ಣ’ ಎನ್ನುತ್ತಿದ್ದೆ. ಊರಿಂದ ಬರುವಾಗ ಹುರಿದ ಕಡಲೆಕಾಯಿ ತಂದು ಎಲ್ಲರಿಗೂ ಹಂಚುತ್ತಿದ್ದ. ಅವನ ಕೈಯಿಂದ ಇಸಕೊಂಡು ತಿಂದಿದ್ದಕ್ಕೆ ಈಗ ಕಡಲೆಕಾಯಿಯನ್ನೇ ಮುಟ್ಟುವುದಿಲ್ಲ.

ಆ ಕೋಣೆಯ ಜೀವವೆಲ್ಲ ಎರಡು ಸ್ವಿಚ್ಚುಗಳಲ್ಲಿತ್ತು. ಗೋಡೆಯ ಮೇಲಿನ ಲೈಟಿನ ಸ್ವಿಚ್ಚಲ್ಲ; ಸರ್ವರ್‌ಗಳ ವೈರುಗಳೆಲ್ಲ ಬಂದು ಸೇರುವ ಚಪ್ಪಟೆ ಪೆಟ್ಟಿಗೆಗಳು, ಒಂದರ ಕೆಳಗೊಂದು. ಪ್ರತಿ ಸರ್ವರಿನಿಂದ ಮೇಲಿನದಕ್ಕೊಂದು ವೈರು, ಕೆಳಗಿನದಕ್ಕೊಂದು. ಎರಡು ಪೆಟ್ಟಿಗೆಗಳೂ ತಮ್ಮೊಳಗೇ ಮಾತಾಡಿಕೊಂಡು ಸರ್ವರಿನ ಪಾಲಿಗೆ ಒಂದೇ ಪೆಟ್ಟಿಗೆಯಂತೆ ನಡೆದುಕೊಳ್ಳುತ್ತವೆ. ಎರಡು ವೈರೂ ಕೂಡಿ ಒಂದೇ ದಾರಿಯಾಗುತ್ತದೆ. ಜೋಡೆತ್ತಿಗಿಂತ ಇವು ವಾಸಿ, ಒಂದು ಮಲಗಿದರೂ ಇನ್ನೊಂದು ಉಳುಮೆ ನಿಲ್ಲಿಸುವುದಿಲ್ಲ. ಆ ಜೋಡಿಯನ್ನು ಕೂಡಿಸಿದವಳು ನಾನು. ಒಂದರ ಕರೆಂಟು ಆರಿಸಿ, ಇನ್ನೊಂದು ಭಾರ ಹೊತ್ತಿತೇ ಎಂದು ಮತ್ತೆ ಮತ್ತೆ ನೋಡಿ ಪಕ್ಕಾ ಮಾಡಿದ್ದೆ. ಅಲ್ಲಿ ನನಗಿದ್ದ ಹೆಸರೆಂದರೆ ಅದೊಂದೇ.

ಆಯುಧಪೂಜೆಯ ದಿನ ಆಯುಧಗಳಿಗೆ ವಿಶ್ರಾಂತಿ ಕೊಡಬೇಕು. ಆದರೆ ಸರ್ವರ್ ಕೋಣೆಯನ್ನು ಆರಿಸುವಂತಿಲ್ಲ. ನಮ್ಮ ಮ್ಯಾನೇಜರು ಆಂಧ್ರದ ಗಡಿಯ ಕಡೆಯವರು, ಮಹಾ ದೈವಭಕ್ತರು. ಅವರೇ ಒಂದು ಪದ್ಧತಿ ಮಾಡಿದ್ದರು: ಮೊದಲು ಮೇಲಿನ ಸ್ವಿಚ್ಚಿಗೆ ಪೂಜೆ ಮಾಡಿ, ಆರಿಸಿ, ಸ್ವಲ್ಪ ಹೊತ್ತು ಮಲಗಿಸುವುದು, ಅದು ಎದ್ದ ಮೇಲೆ ಕೆಳಗಿನದರ ಸರದಿ. ಹೊಗೆಗೆ ಅಲಾರಂ ಬಡಿದುಕೊಳ್ಳುತ್ತದೆಂದು ಊದುಬತ್ತಿ, ಕರ್ಪೂರ ಬಾಗಿಲಾಚೆಗೇ.

ಆ ಸಲ ಪೂಜೆ ಮಾಡಿದವಳು ನಾನು. ಹಿಂದಿನ ಸಂಜೆಯೇ ಸೀನಿಯರ್ ಒಬ್ಬನೇ ಒಳಗೆ ಹೋಗಿ ಎರಡು ಸ್ವಿಚ್ಚಿಗೂ ಚೆಂಡುಹೂವಿನ ಹಾರ ಕಟ್ಟಿ, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಬೆಳಿಗ್ಗೆ ನಾನು, ಹಾರದ ಮರೆಯಲ್ಲಿ ಎಷ್ಟು ವೈರಿವೆಯೆಂದು ಎಣಿಸದೆ, ಮೇಲಿನ ಸ್ವಿಚ್ಚಿಗೆ ಸಿಕ್ಕಿಸಿದ್ದ ಒಂದೊಂದು ವೈರಿನ ತಲೆಗೂ ಗಂಧದಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟೆ. ಕೈ ಮುಗಿದು ಆರಿಸಿದೆ.

ಹೊರಗಿನ ಪರದೆಗಳೆಲ್ಲ ಒಟ್ಟಿಗೆ ಕಪ್ಪಾದವು. ಯಾವ ಬ್ಲಾಕಿನಲ್ಲಿ ಎಷ್ಟು ಕರೆಂಟು ಬರುತ್ತಿದೆ ಎಂಬುದೇ ಯಾರಿಗೂ ಕಾಣದಾಯಿತು. ಫೋನುಗಳು ಹೊಡೆದುಕೊಳ್ಳತೊಡಗಿದವು. “ಎಲ್ರೂ ಆಚೆ ಹೋಗಿ, ನಾನ್ ನೋಡ್ತೀನಿ!” ಎಂದು ಸೀನಿಯರ್ ನನ್ನನ್ನೂ ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡ. ಸ್ವಲ್ಪದರಲ್ಲೇ ಪರದೆಗಳು ಬೆಳಗಿದವು. ಅಂಥ ತಣ್ಣನೆಯ ಕೋಣೆಯಿಂದ ಬೆವರು ಒರೆಸಿಕೊಳ್ಳುತ್ತಾ ಬಂದ.

“ಜೋಡಿ ಕೂಡ್ಸಿದ್ದೇ ಸರಿಯಿಲ್ಲ ಸಾರ್. ಮೇಲಿಂದು ಮಲಗಿದ್ರೆ ಕೆಳಗಿಂದು ಎತ್ಕೊಳ್ಳೋದೇ ಇಲ್ಲ. ನಮ್ ತಂಗಿ ಕಲೀಬೇಕಾದ್ದು ಇನ್ನೂ ಐತೆ” ಎಂದ. ತಂಗಿ ಎನ್ನುತ್ತಲೇ ಕತ್ತು ಕುಯ್ದ ಕಣ್ರೀ!

ಮಧ್ಯಾಹ್ನದೊಳಗೆ ನನ್ನ ಪಾಸ್‌ವರ್ಡ್ ಬದಲಾಯಿತು. ತಪ್ಪು ನನ್ನದೆಂದು ಹೆಡ್ ಆಫೀಸಿಗೆ ಮೇಲ್ ಹೋಯಿತು. ಹಬ್ಬ ಮುಗಿದ ಮೇಲೆ ಬಯಲಿನ ಫಲಕ ಒರೆಸುವ ತಂಡದ ಮೇಲ್ವಿಚಾರಣೆಗೆ ಹೋಗಬೇಕು ಎಂದರು. ಪರೀಕ್ಷಿಸಿ ನೋಡುತ್ತೇನೆಂದರೆ ಕೋಣೆಗೆ ಬಿಡಲಿಲ್ಲ.

ಮನೆಯಲ್ಲಿ ಅವ್ವ, “ದೇವ್ರವ್ನೆ, ನೋಡ್ಕೊಂತಾನೆ. ಬುಟ್ಬುಡು ಕಣವ್ವ” ಎಂದಳು.

“ದೇವ್ರು ನೋಡ್ಕೊಳ್ಳೋಗಂಟ ನಾನ್ ಕಾಯಕ್ಕಾಗಲ್ಲ ಕಣವ್ವ” ಎಂದೆ. ಅವಳು ಬಡಿಸಿದ ತಟ್ಟೆಯನ್ನು ಹಾಗೇ ಸರಿಸಿಟ್ಟೆ. ಅವನ ಮನೆ ಹಾಳಾಗ ಎಂದು ಬಾಯಿಬಿಟ್ಟೇ ಬೈದೆ.

ಮರುದಿನ ವಿಜಯದಶಮಿ. ಬೆಳಿಗ್ಗೆಯೇ ಮ್ಯಾನೇಜರು ಫೋನು ಮಾಡಿದರು. ಕರುಣೆಯಿಂದಲ್ಲ, ಭಯದಿಂದ. “ಸಗಂ ಪೂಜೆ ಬಿಟ್ಟಿದ್ದೀವಿ ಕಣಮ್ಮ, ಅರ್ಧಕ್ಕೇ ನಿಲ್ಸಿದ್ರೆ ಕೇಡು. ಶುರು ಮಾಡ್ದೋಳೇ ಮುಗಿಸ್ಬೇಕು. ಬಂದ್ಬುಡು.”

ಹೋದೆ. ಸೀನಿಯರ್ ಬೀಗ ತೆಗೆದ. ಎಲ್ಲರೂ ನಿಂತಿದ್ದರು. ನಾನು ಕುಂಕುಮದ ಬಟ್ಟಲು ಹಿಡಿದು ಕೆಳಗಿನ ಸ್ವಿಚ್ಚಿನ ಮುಂದೆ ಕೂತೆ. ಬೊಟ್ಟಿಡಲು ಚಾಚಿದ ಕೈಯನ್ನು ಅಲ್ಲೇ ತಡೆದೆ. ಕೆಳಗಿನ ಸ್ವಿಚ್ಚಿಗೆ ಸಿಕ್ಕಿಸಿದ್ದ ಮುಖ್ಯ ಸರ್ವರಿನ ವೈರಿನ ತಲೆಯ ಮೇಲೆ ಆಗಲೇ ಕುಂಕುಮವಿತ್ತು. ಒಣಗಿದ ಕುಂಕುಮ, ನನ್ನದೇ ಬೆರಳಿನ ಗುರುತು.

ಕೂಗಾಡಬೇಕೆನ್ನಿಸಿತು, ಕೂಗಾಡಲಿಲ್ಲ. ಮೆತ್ತಗೆ ಕೇಳಿದೆ: “ಅಣ್ಣಾ, ಈ ಕೆಳಗಿನ್ದಕ್ಕೆ ನಿನ್ನೆ ಪೂಜೆ ಆಯ್ತಾ?”

“ಎಲ್ಲಿ ಆಯ್ತು ಕಣಮ್ಮ? ನಿನ್ ಎಡವಟ್ಟಿಗೆ ಅರ್ಧಕ್ಕೇ ನಿಂತೋಯ್ತಲ್ಲ.”

“ಆಮೇಲೆ ಯಾರಾರ ಒಳಕ್ಕೆ ಬಂದಿದ್ರಾ?”

“ಯಾರ್ ಬತ್ತಾರೆ? ಬೀಗ ನನ್ ತಾವೇ ಐತೆ.”

“ಅಂಗಾರೆ ಈ ವೈರಿಗೆ ಕುಂಕುಮ ಇಟ್ಟೋರ್ಯಾರು?”

ಅವನ ಕೈ ತಾನಾಗಿ ಹೋಗಿ ಅದೇ ವೈರನ್ನು ಮುಚ್ಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ. “ಮೇಲಿಂದ ಉದುರಿರ್ಬೇಕು ಸಾರ್” ಎಂದ.

“ಗಂಧದಾಗೆ ಕಲಸಿದ್ದು ಉದುರಲ್ಲ. ಸಾರ್, ಈ ವೈರು ನಿನ್ನೆ ಪೂಜೆ ಹೊತ್ತಲ್ಲಿ ಮೇಲಿತ್ತು. ಬಾಗಿಲು ಹಾಕ್ಕೊಂಡಾಗ ಕೆಳಕ್ಕೆ ಬಂದೈತೆ. ಯಾವ ವೈರು ಯಾವಾಗ ಕಳಚ್ತು, ಯಾವಾಗ ಸೇರ್ತು ಅಂತ ಸ್ವಿಚ್ಚೇ ಬರ್ಕೊಂಡಿರ್ತೈತೆ. ಅಣ್ಣನ ಕೈಲೇ ಪಾಸ್‌ವರ್ಡ್ ಹಾಕ್ಸಿ.”

ಹಾಕಿದ. ಎರಡು ಸಲ ತಪ್ಪು ಒತ್ತಿ ಆಮೇಲೆ ಹಾಕಿದ. ಪೂಜೆಯ ಹಿಂದಿನ ಸಂಜೆ ಆ ವೈರು ಕೆಳಗಿನ ಸ್ವಿಚ್ಚಿನಿಂದ ಕಳಚಿತ್ತು. ಪರದೆಗಳು ಕಪ್ಪಾದ ಮೇಲೆ ಮತ್ತೆ ಅಲ್ಲಿಗೇ ಬಂದು ಸೇರಿತ್ತು. ಮುಖ್ಯ ಸರ್ವರಿನ ಎರಡು ವೈರೂ ಮೇಲಿನದಕ್ಕೇ ಇದ್ದಾಗ ನಾನು ಮೇಲಿನದನ್ನು ಆರಿಸಿದ್ದೆ. ಜೋಡಿಯ ತಪ್ಪೇನು ಅದರಲ್ಲಿ?

“ಹಾರಕ್ಕೆ ಅಡ್ಡ ಬತ್ತಿತ್ತು ಸಾರ್... ಫೋಟೋಗೆ ಚೆಂದ ಕಾಣ್ಲಿ ಅಂತ ಮೇಲಕ್ಕೆ ಚುಚ್ಚಿದ್ದೆ.”

ಹಾರಕ್ಕೆ! ಇದನ್ನು ಹಿಂದಿನ ದಿನವೇ ಹೇಳಿದ್ದರೆ ಎಲ್ಲರಿಗಿಂತ ಮೊದಲು ನಾನೇ ನಗುತ್ತಿದ್ದೆ.

ಮ್ಯಾನೇಜರು ನನ್ನ ಕಡೆ ತಿರುಗಿದರು. “ನಿನ್ ಜಾಗ ನಿನಗೇ ಅಮ್ಮಾ. ಹಬ್ಬದ ದಿನ, ಇದನ್ನ ಇಲ್ಲಿಗೇ ಮುಚ್ಚಾಕೋಣ” ಎಂದರು.

ಅವನು ಕೈ ಮುಗಿದ. “ಹೆಡ್ ಆಫೀಸಿಗೆ ಹೋದ್ರೆ ನನ್ನ ತೆಗ್ದಾಕ್ತಾರೆ ಕಣಮ್ಮ. ನಿನ್ ಕಾಲಿಗ್ ಬೀಳ್ತೀನಿ.”

“ಸಾರ್, ನನ್ ಹೆಸ್ರು ಎಲ್ಲೀಗಂಟ ಹೋಗೈತೋ ಇವನ ಹೆಸ್ರೂ ಅಲ್ಲೀಗಂಟ ಹೋಗ್ಬೇಕು. ಬರೀರಿ. ನಾನ್ ಇಲ್ಲೇ ನಿಂತಿರ್ತೀನಿ.”

ಅವರು ಬರೆದು ಕಳಿಸುವವರೆಗೂ ಕದಲಲಿಲ್ಲ. ಅವನು ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ನನಗೆ ವಿಪರೀತ ಹಸಿವಾಗಿತ್ತು. ಹಬ್ಬದೂಟಕ್ಕೆ ಕೂತು ಎರಡೆರಡು ಸಲ ಪಾಯಸ ಹಾಕಿಸಿಕೊಂಡೆ.